ತೊರಕೆಗಳ ನಡುವೆ

ಕಡಲ ಕರೆಯ ಊರಿನವನು ಎಂದು ತಿಳಿದೊಡನೆ ಘಟ್ಟದ ಮೇಲಿನ ಸ್ನೇಹಿತರು ನನಗೆ ಎರಡು ಗುಣಗಳನ್ನು ತಾವಾಗಿಯೇ ಕೊಟ್ಟುಬಿಡುತ್ತಾರೆ. ಮೀನಿನ ಜಾತಿಗಳನ್ನು ಬಲ್ಲವನು ಎಂಬುದು ಒಂದು. ಈಜು ಬಲ್ಲವನು ಎಂಬುದು ಇನ್ನೊಂದು. ಮೊದಲನೆಯದರ ಮಾತು ಹಾಗಿರಲಿ. ಎರಡನೆಯದು ಶುದ್ಧ ಸುಳ್ಳು. ಎಪ್ಪತ್ತೆರಡನೆಯ ವಯಸ್ಸಿನವರೆಗೆ ನಾನು ಕಡಲಿಗೆ ಮೊಣಕಾಲಿನ ಮಟ್ಟಕ್ಕಿಂತ ಆಳವಾಗಿ ಇಳಿದವನೇ ಅಲ್ಲ. ಅದಕ್ಕೆ ಕಾರಣ ಒಂದು ಮೀನು. ನಮ್ಮ ಕಡೆ ಅದನ್ನು ತೊರಕೆ ಎನ್ನುತ್ತಾರೆ.

ಐದು ನದಿಗಳು ಕೂಡಿ ಕಡಲನ್ನು ಸೇರುವ ಗಂಗೊಳ್ಳಿಯ ಅಳಿವೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. 1960ರಲ್ಲಿ ನಾನು ಅಲ್ಲಿ ಒಂಬತ್ತು ವರ್ಷದ ಹುಡುಗ. ಇಳಿತದ ಹೊತ್ತಿನಲ್ಲಿ ಚಿಪ್ಪು ಹೆಕ್ಕಲು ಹೋಗುವುದು ನಮ್ಮ ರಜೆಯ ಕಸುಬು. ನೆರೆಯ ಕೇರಿಯ ಮೀನುಗಾರನೊಬ್ಬ ಅಲ್ಲಿಯೇ ಬೀಸುಬಲೆ ಹಾಕುತ್ತಿದ್ದ. ಮಕ್ಕಳೆಲ್ಲ ಅವನನ್ನು ಮಾಮ ಎಂದು ಕರೆಯುತ್ತಿದ್ದೆವು. ಕಡಲಿನಿಂದ ದೋಣಿಯನ್ನು ಮೇಲಕ್ಕೆ ಎಳೆಯುವಾಗ ಮೊದಲ ಕೂಗು ಅವನದೇ. ಅಂಥ ಗಟ್ಟಿ ಆಳು ಒಂದು ಬೆಳಗ್ಗೆ ಮೊಣಕಾಲುದ್ದದ ನೀರಿನಲ್ಲಿ ನಿಂತಲ್ಲೇ ಕುಸಿದ. ಬಲೆ ಒಂದು ಕಡೆ, ಬುಟ್ಟಿ ಒಂದು ಕಡೆ. ನಾಲ್ಕು ಜನ ಹೊತ್ತು ತಂದು ದಂಡೆಯಲ್ಲಿ ಮಲಗಿಸಿದಾಗ ಆತ ಮಗುವಿನ ಹಾಗೆ ಅಳುತ್ತಿದ್ದ. ಗಂಡಸರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನ ಪಾದದ ಮೇಲ್ಭಾಗದಲ್ಲಿದ್ದ ಗಾಯ ಅಷ್ಟೇನೂ ದೊಡ್ಡದಾಗಿರಲಿಲ್ಲ. ಅಷ್ಟು ಸಣ್ಣ ಗಾಯಕ್ಕೆ ಅಷ್ಟು ದೊಡ್ಡ ಗೋಳು ಏಕೆ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಅವನ ತಾಯಿ ಬಚ್ಚಲ ಹಂಡೆಯಿಂದ ಬಿಸಿನೀರು ತಂದು, ಅವನು ಬೇಡವೆಂದು ಕೂಗುತ್ತಿದ್ದರೂ ಕಾಲನ್ನು ಹಿಡಿದು ಅದರಲ್ಲಿ ಮುಳುಗಿಸಿದಳು. ಇದು ಯಾವ ಬಗೆಯ ತಾಯ್ತನ ಎಂದು ನನಗೆ ಅನ್ನಿಸಿದ್ದು ನೆನಪಿದೆ.

ತಿಂಗಳೊಂದು ಕಳೆದ ಮೇಲೆ ಮಾಮ ಮತ್ತೆ ನೀರಿಗಿಳಿದ. ಆದರೆ ಅವನ ನಡಿಗೆ ಮೊದಲಿನಂತಿರಲಿಲ್ಲ. ಹೆಜ್ಜೆ ಎತ್ತಿ ಇಡುತ್ತಿದ್ದವನು ಈಗ ಪಾದಗಳನ್ನು ಮರಳಿನ ಮೇಲೆ ಸವರುತ್ತ, ಎಳೆದುಕೊಂಡು ಹೋಗುತ್ತಿದ್ದ. ತೊರಕೆ ಅವನನ್ನು ಜನ್ಮಕ್ಕಾಗುವಷ್ಟು ಕುಂಟನನ್ನಾಗಿ ಮಾಡಿತು ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಮಕ್ಕಳ ತೀರ್ಮಾನಗಳಿಗೆ ಮೇಲ್ಮನವಿ ಇಲ್ಲವಷ್ಟೆ.

ಆ ಭಯವನ್ನು ನಾನು ಒಬ್ಬನೇ ಇಟ್ಟುಕೊಂಡಿದ್ದರೆ ಈ ಮಾತನ್ನು ನಿಮ್ಮ ಮುಂದೆ ಎತ್ತುತ್ತಿರಲಿಲ್ಲ. ನನ್ನ ಮಗಳು ಕಡಲಿನಿಂದ ಎರಡು ಫರ್ಲಾಂಗು ದೂರದಲ್ಲಿ ಬೆಳೆದೂ ಈಜು ಕಲಿಯಲಿಲ್ಲ. ಕಲಿಯಲು ನಾನು ಬಿಡಲಿಲ್ಲ. ಆಕೆ ಮದುವೆಯಾಗಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ನೆಲಸಿದಳು. ಮೂರು ಕಡೆ ನೀರು ಸುತ್ತುವರಿದ ನಾಡು. ಅಲ್ಲಿ ಹುಟ್ಟಿದ ಮೊಮ್ಮಗಳು ಕೊಳದಲ್ಲಿ ಮೀನಿನ ಹಾಗೆ ಈಜುತ್ತಾಳೆ, ಆದರೆ ಕಡಲಿಗೆ ಇಳಿಯೆಂದರೆ ತಾಯಿಯ ಮುಖ ನೋಡುತ್ತಾಳೆ. 2006ರ ಸೆಪ್ಟೆಂಬರ್ 4ರಂದು ಆಸ್ಟ್ರೇಲಿಯದ ಸ್ಟೀವ್ ಇರ್ವಿನ್ ತೊರಕೆಯ ಮುಳ್ಳು ಎದೆಗೆ ಚುಚ್ಚಿ ತೀರಿಕೊಂಡಾಗ ಇಡೀ ಜಗತ್ತೇ ಮರುಗಿತು. ಮೊಸಳೆಗಳೊಡನೆ ಸೆಣಸಿ ಬದುಕಿದ್ದ ಮನುಷ್ಯ! ನಾನೂ ಮರುಗಿದೆ. ಆದರೆ ಒಳಗೊಳಗೇ, ಕಂಡೆಯಾ, ನಾನು ಹೇಳಿರಲಿಲ್ಲವೇ ಎಂಬ ಒಂದು ತೃಪ್ತಿಯೂ ಇತ್ತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ಅಂದೇ ಮಗಳಿಗೆ ಫೋನು ಮಾಡಿ ಸುದ್ದಿಯನ್ನು ವಿವರವಾಗಿ ಓದಿ ಹೇಳಿದ್ದೆ.

2023ರ ಜನವರಿಯಲ್ಲಿ ನಾವು ಮುದುಕ ಮುದುಕಿಯರು ಮಗಳ ಮನೆಗೆ ಹೋಗಿದ್ದಾಗ ಅಳಿಯ ನಮ್ಮೆಲ್ಲರನ್ನೂ ಒಂದು ವಿಹಾರನೌಕೆಯಲ್ಲಿ ಕೂರಿಸಿಕೊಂಡು ಹೊರಟ. ಮಯಾಮಿಯಿಂದ ಹೊರಟ ಹಡಗು ಕ್ಯೂಬಾದ ಪಶ್ಚಿಮದ ತುದಿಯನ್ನು ಬಳಸಿ ಮೂರನೆಯ ದಿನ ಬೆಳಗ್ಗೆ ಗ್ರ್ಯಾಂಡ್ ಕೇಮನ್ ಎಂಬ ದ್ವೀಪದ ಎದುರು ನಿಂತಿತು. ಹಡಗಿನ ವೈಭವವನ್ನು ಬಣ್ಣಿಸಿ ನಿಮ್ಮ ವೇಳೆಯನ್ನು ಕಳೆಯುವುದಿಲ್ಲ. ಊಟ ಹೆಚ್ಚು, ಹಸಿವು ಕಡಿಮೆ ಎಂದರೆ ಸಾಕು. ಆ ದ್ವೀಪದಲ್ಲಿ ನೋಡತಕ್ಕದ್ದೇನು ಎಂದು ನಾನು ಹಿಂದಿನ ರಾತ್ರಿ ಕೇಳಿದಾಗ ಅಳಿಯ ಸ್ವಲ್ಪ ತಡೆದು, “ಸ್ಟಿಂಗ್‌ರೇಗಳ ಜೊತೆ ನೀರಿಗಿಳಿಯುವುದು, ಮಾವ” ಎಂದ. ಟಿಕೆಟ್ಟನ್ನು ಮೊದಲೇ ಕೊಂಡಾಗಿತ್ತು. ಮಗಳು ನನ್ನನ್ನು ನೋಡಿದಳು. ಮೊಮ್ಮಗಳು ತಾಯಿಯನ್ನು ನೋಡಿದಳು. ನನ್ನ ಹೆಂಡತಿ ಮಾತ್ರ ಯಾರನ್ನೂ ನೋಡದೆ, ಒದ್ದೆಯಾದರೆ ಬೇಗ ಒಣಗುವ ಬಟ್ಟೆ ಯಾವುದಿದೆ ಎಂದು ಪೆಟ್ಟಿಗೆ ತೆರೆದಳು.

ಆ ರಾತ್ರಿ ಮೊಮ್ಮಗಳು ಅತ್ತಳು. ತಾನು ಹೋಗುವುದಿಲ್ಲ, ಅಮ್ಮನಿಗೂ ಭಯವಿದೆ ಎಂದಳು. “ಅಜ್ಜನಿಗೆ ಭಯ ಇಲ್ಲವಲ್ಲ” ಎಂದು ಅಳಿಯ ಸಮಾಧಾನಕ್ಕೆ ಒಂದು ಮಾತು ಎಸೆದ. ಒಂಬತ್ತು ವರ್ಷದ ಆ ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, “ಅಜ್ಜ, ನೀವು ಮೊದಲು ಇಳಿತೀರಾ?” ಎಂದು ಕೇಳಿದಳು. ಮೂವತ್ತೈದು ವರ್ಷ ಗಣಿತ ಕಲಿಸಿದವನು ನಾನು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ತಡಮಾಡದೆ ಹೌದು ಎಂದುಬಿಡುವುದು ಹಳೆಯ ಅಭ್ಯಾಸ. ಹೌದು ಎಂದುಬಿಟ್ಟೆ. ನಿದ್ರೆ ಬರಲಿಲ್ಲ.

ಆ ದ್ವೀಪದ ರಾಜಧಾನಿಯಾದ ಜಾರ್ಜ್ ಟೌನಿನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಿತು. ಅಲ್ಲಿಂದ ಬಸ್ಸಿನಲ್ಲಿ ಹೋಗಿ, ಇನ್ನೊಂದು ದೋಣಿ ಹತ್ತಿ, ನಾರ್ತ್ ಸೌಂಡ್ ಎಂಬ ವಿಶಾಲವಾದ ಕೊಲ್ಲಿಯನ್ನು ದಾಟಬೇಕು. ಕೊಲ್ಲಿಯ ಬಾಯಿಗೆ ಹವಳದ ದಂಡೆಯೊಂದು ಗೋಡೆಯ ಹಾಗೆ ಅಡ್ಡ ನಿಂತಿದೆ. ಅಲೆಗಳೆಲ್ಲ ಅದರ ಆಚೆ ಒಡೆದು, ಈಚೆ ನೀರು ನಮ್ಮೂರ ದೇವಸ್ಥಾನದ ಕೆರೆಯಂತೆ ಶಾಂತ. ಹಿಂದಿನ ಕಾಲದಲ್ಲಿ ಮೀನುಗಾರರು ಹೊರಗಡಲಿನಿಂದ ಬರುವಾಗ ಈ ನೆರಳಿನಲ್ಲಿ ದೋಣಿ ನಿಲ್ಲಿಸಿ ಮೀನು ಹೆಚ್ಚಿ ಶುಚಿಮಾಡಿ, ಕರುಳು ಕಸವನ್ನು ನೀರಿಗೆ ಎಸೆಯುತ್ತಿದ್ದರಂತೆ. ಅದನ್ನು ತಿನ್ನಲು ತೊರಕೆಗಳು ಬಂದವು. ದೋಣಿಯ ಯಂತ್ರದ ಸದ್ದೆಂದರೆ ಊಟದ ಗಂಟೆ ಎಂದು ಅವು ಕಲಿತವು. 1980ರ ದಶಕದಲ್ಲಿ ನೀರಿನಲ್ಲಿ ಮುಳುಗುವ ಹವ್ಯಾಸದವರು ಅವುಗಳಿಗೆ ಕೈಯಾರೆ ತಿನ್ನಿಸತೊಡಗಿದರು. ಸುದ್ದಿ ಹಬ್ಬಿತು, ಆ ಜಾಗಕ್ಕೆ ಸ್ಟಿಂಗ್‌ರೇ ಸಿಟಿ ಎಂಬ ಹೆಸರೇ ನಿಂತಿತು. ಊರಿನ ಮೀನು ಮಾರುಕಟ್ಟೆಯ ಹಿಂದೆ ಕಾಗೆಗಳು ನೆರೆಯುವುದಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಕಾಗೆಗಳನ್ನು ನೋಡಲು ಯಾರೂ ಟಿಕೆಟ್ಟು ಕೊಳ್ಳುವುದಿಲ್ಲ, ಅಷ್ಟೆ.

ಮರಳುದಿಣ್ಣೆಯ ಬಳಿ ದೋಣಿ ನಿಂತಿತು. ನೀರು ಸೊಂಟದ ಮಟ್ಟಕ್ಕಿಂತ ಹೆಚ್ಚಿಲ್ಲ. ತಳದ ಬಿಳಿಯ ಮರಳು ಕನ್ನಡಿಯೊಳಗಿನ ಹಾಗೆ ಕಾಣುತ್ತಿತ್ತು. ಅದರ ಮೇಲೆ ಕರಿಯ ನೆರಳುಗಳು. ಮೊದಲು ಮೋಡದ ನೆರಳೆಂದುಕೊಂಡೆ. ಆಕಾಶದಲ್ಲಿ ಮೋಡವಿರಲಿಲ್ಲ. ಒಂದು, ಎರಡು, ಏಳು, ಹನ್ನೆರಡು... ಎಣಿಸುವುದನ್ನು ನಿಲ್ಲಿಸಿದೆ. ಗಂಡುಗಳು ಮೊರದಷ್ಟು, ಹೆಣ್ಣುಗಳು ಅವಕ್ಕಿಂತ ಬಹಳ ದೊಡ್ಡವು, ಕೆಲವು ಐದಡಿಯವರೆಗೆ ಅಗಲವಾಗುತ್ತವೆ. ಅಂಚುಗಳನ್ನು ಅಲೆಅಲೆಯಾಗಿ ಆಡಿಸುತ್ತ, ಗಾಳಿಗೆ ಹಾರುವ ಕಂಬಳಿಯಂತೆ ಅವು ದೋಣಿಯ ಕೆಳಗೇ ಸುಳಿದಾಡತೊಡಗಿದವು. ನನ್ನ ಬಾಯಿ ಒಣಗಿತು.

ದೋಣಿಯ ಯುವಕ ಆ ದ್ವೀಪದವನೇ. ದಿನವೂ ಹೇಳಿ ಹೇಳಿ ನುಣುಪಾದ ಮಾತುಗಳಲ್ಲಿ ಅವನು ಎಚ್ಚರಿಕೆಗಳನ್ನು ಹೇಳಿದ. ಬಾಲವನ್ನು ಹಿಡಿಯಬೇಡಿ. ಮೀನನ್ನು ನೀರಿನಿಂದ ಮೇಲಕ್ಕೆ ಎತ್ತಬೇಡಿ. ಅಲ್ಲಿನ ಕಾನೂನು ಅದನ್ನು ನಿಷೇಧಿಸಿದೆ. ಮುಳ್ಳು ಇರುವುದು ಬಾಲದಲ್ಲಿ. ಗರಗಸದಂತೆ ಎರಡು ಅಂಚಿಗೂ ಹಲ್ಲು, ಮೇಲೆ ವಿಷದ ಪೊರೆ. ಆದರೆ ಆ ಮೀನು ಮುಳ್ಳಿನಿಂದ ಬೇಟೆಯಾಡುವುದಿಲ್ಲ. ಮರಳಿನಲ್ಲಿ ಹುದುಗಿ ಮಲಗಿದ್ದಾಗ ಯಾರಾದರೂ ಬೆನ್ನಿನ ಮೇಲೆ ಕಾಲಿಟ್ಟರೆ, ತನ್ನನ್ನು ಕೊಲ್ಲಲು ಬಂದರೆಂದು ಬಾಲವನ್ನು ಮೇಲಕ್ಕೆ ಬೀಸುತ್ತದೆ. “ಆದ್ದರಿಂದ ನೀರಿನಲ್ಲಿ ಹೆಜ್ಜೆ ಎತ್ತಿ ಇಡಬೇಡಿ” ಎಂದ ಅವನು. “ಪಾದವನ್ನು ಮರಳಿಗೆ ತಾಗಿಸಿಯೇ ಎಳೆದುಕೊಂಡು ನಡೆಯಿರಿ. ನೀವು ಬರುವುದು ಅದಕ್ಕೆ ಮೊದಲೇ ತಿಳಿಯುತ್ತದೆ, ಸರಿದು ಹೋಗುತ್ತದೆ.” ಹೀಗೆ ಹೇಳಿ, ದೋಣಿಯ ಹಲಗೆಯ ಮೇಲೆಯೇ ನಾಲ್ಕು ಹೆಜ್ಜೆ ನಡೆದು ತೋರಿಸಿದ.

ನಾನು ಆ ನಡಿಗೆಯನ್ನು ನೋಡಿದೆ. ಅದನ್ನು ಮೊದಲೇ ನೋಡಿದ್ದೆ.

ಮುಳ್ಳು ತಾಗಿದ್ದು ಮಾಮನ ಒಂದು ಕಾಲಿಗೆ. ಅವನು ಎಳೆಯುತ್ತಿದ್ದುದು ಎರಡನ್ನೂ. ಲೆಕ್ಕದ ಮೇಷ್ಟ್ರಿಗೆ ಇಷ್ಟು ಸಣ್ಣ ಲೆಕ್ಕ ಅರವತ್ತಮೂರು ವರ್ಷ ಹೊಳೆದಿರಲಿಲ್ಲ. ಅದೇ ಮಾಮ ಗದ್ದೆಯ ಅಂಚಿನ ಮೇಲೆ ತಲೆಯಲ್ಲಿ ಮೀನಿನ ಬುಟ್ಟಿ ಹೊತ್ತು ಬಿರುಸಾಗಿ ಹೋಗುವುದನ್ನು ನಾನೇ ಎಷ್ಟು ಸಲ ಕಂಡಿಲ್ಲ! ನೆಲದ ಮೇಲೆ ಅವನು ಎಂದೂ ಕುಂಟಿರಲಿಲ್ಲ. ಆ ಬಿಸಿನೀರೂ ಹಾಗೆಯೇ. ತೊರಕೆಯ ವಿಷ ಸಸಾರಜನಕದ ಜಾತಿಯದು, ಬಿಸಿಗೆ ಕೆಡುತ್ತದೆ. ಚರ್ಮ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಮುಳುಗಿಸಿಡುವುದೇ ಇಂದಿಗೂ ವೈದ್ಯರು ಹೇಳುವ ಮೊದಲ ಚಿಕಿತ್ಸೆ. ಆ ತಾಯಿ ಹಿಂಸೆ ಮಾಡುತ್ತಿರಲಿಲ್ಲ.

ಇಷ್ಟು ತಿಳಿದ ಕೂಡಲೇ ಭಯ ಹೋಯಿತು ಎಂದು ಹೇಳಿದರೆ ಮಾತಿಗೆ ಶೋಭೆ ಬಂದೀತು, ಸತ್ಯಕ್ಕೆ ಬರಲಾರದು. ಏಣಿಯ ಮೂರನೆಯ ಮೆಟ್ಟಿಲಿನಲ್ಲಿ ನನ್ನ ಮೊಣಕಾಲು ನಡುಗುತ್ತಿದ್ದುದು ಮೇಲೆ ನಿಂತವರಿಗೆಲ್ಲ ಕಂಡಿರಬೇಕು. “ಕೆಳಗೆ ನೋಡಬೇಡಿ, ನನ್ನನ್ನು ನೋಡಿ” ಎಂದಿತು ಒಂದು ದನಿ. ನನ್ನ ಹೆಂಡತಿ ಆಗಲೇ ನೀರಿನಲ್ಲಿದ್ದಳು! ಯಾವಾಗ ಇಳಿದಳೋ ಯಾರಿಗೂ ತಿಳಿಯದು. ಸೊಂಟಕ್ಕೆ ಸೆರಗು ಬಿಗಿದು ದೇವರ ಕಲ್ಯಾಣಿಯಲ್ಲಿ ನಿಂತವಳಂತೆ ನಿಂತಿದ್ದಳು. ಮೊದಲು ಇಳಿಯುತ್ತೇನೆಂದು ಮೊಮ್ಮಗಳಿಗೆ ಕೊಟ್ಟ ಮಾತು ಅಲ್ಲಿಗೆ ಮುರಿದಿತ್ತು.

ಪಾದ ಮರಳನ್ನು ಮುಟ್ಟಿತು. ಎತ್ತಲಿಲ್ಲ. ಸವರಿದೆ. ಎರಡು ಮಾರು ದೂರದಲ್ಲಿ ಮಲಗಿದ್ದ ಒಂದು ತೊರಕೆ ಧೂಳೆಬ್ಬಿಸಿಕೊಂಡು, ಅಂಗಡಿ ಮುಂದಿನ ದನ ದಾರಿ ಬಿಟ್ಟ ಹಾಗೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಇನ್ನೊಂದು ಸರಿಯಲಿಲ್ಲ, ನೇರವಾಗಿ ಬಂದು ನನ್ನ ಹೊಟ್ಟೆಗೆ ಒರಗಿತು. ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಅದರ ತಳಭಾಗ ಎಳನೀರಿನೊಳಗಿನ ತೆಳುಗಂಜಿಯಷ್ಟು ನುಣುಪು. ಕಣ್ಣುಗಳು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕೆಳಗೆ. ತಾನು ತಿನ್ನುವುದನ್ನು ತಾನೇ ನೋಡಲಾರದ ಪ್ರಾಣಿ. ಮರಳಿನೊಳಗೆ ಅಡಗಿದ ಏಡಿಯ ಮೈಯಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನು ಬಾಯಿಯ ಸುತ್ತಲಿನ ಸೂಕ್ಷ್ಮ ರಂಧ್ರಗಳಿಂದ ಗ್ರಹಿಸಿ ಆಹಾರ ಹುಡುಕುತ್ತದೆ. ಯುವಕ ಕೊಟ್ಟ ಬೊಂಡಾಸಿನ ತುಣುಕನ್ನು ಹಸ್ತದಲ್ಲಿಟ್ಟು ಚಾಚಿದೆ. ಬಂದು, ಒಮ್ಮೆ ಹೀರಿ, ಹೋಯಿತು. ಕಣ್ಣುಗಳ ಹಿಂದಿನ ಎರಡು ಉಸಿರುಕಂಡಿಗಳು ತೆರೆದು ಮುಚ್ಚುತ್ತಿದ್ದುದನ್ನು ಅಷ್ಟು ಹತ್ತಿರದಿಂದ ನೋಡಿದಾಗ, ಇದೂ ಉಸಿರಾಡುತ್ತಿದೆ ಎಂಬ ಅತಿ ಸಾಮಾನ್ಯವಾದ ಸಂಗತಿ ನನಗೆ ಹೊಸದಾಗಿ ತೋರಿತು.

ಮೊಮ್ಮಗಳು ಇಳಿದಳು. ಅವಳ ಕೈಯನ್ನು ನಾನು ಹಿಡಿದಿದ್ದೆನೋ, ನನ್ನ ಕೈಯನ್ನು ಅವಳೋ, ನಿರ್ಧರಿಸುವುದು ಕಷ್ಟ. ಐದು ನಿಮಿಷದಲ್ಲಿ ಅವಳು ನನ್ನನ್ನು ಬಿಟ್ಟು ಹೋದಳು. ತೊರಕೆಗೆ ಮುತ್ತು ಕೊಟ್ಟರೆ ಏಳು ವರ್ಷ ಅದೃಷ್ಟ ಎಂದು ಯುವಕ ಪ್ರವಾಸಿಗರಿಗೆಲ್ಲ ಹೇಳುವ ಮಾತನ್ನು ನಮಗೂ ಹೇಳಿದ. “ಏಳು ವರ್ಷ ಸಾಕು, ಕೊಡಿ” ಎಂದಳು ನನ್ನ ಹೆಂಡತಿ. ಕೊಡಲಿಲ್ಲ. ನನ್ನ ಮಗಳು ಕೊನೆಯ ಮೆಟ್ಟಿಲಿನವರೆಗೆ ಬಂದು, ಕಾಲನ್ನು ನೀರಿನಲ್ಲಿ ಇಳಿಬಿಟ್ಟು ಕೂತಿದ್ದಳು. ಇಳಿ ಎಂದು ನಾನು ಕರೆಯಲಿಲ್ಲ. ಕರೆಯುವ ಅಧಿಕಾರ ನನಗೆಲ್ಲಿತ್ತು?

ದೋಣಿ ಹಿಂದಿರುಗುವಾಗ ಮೊಮ್ಮಗಳು ಕೇಳಿದಳು: “ಹಡಗು ಬಾರದ ದಿನ ಅವು ಏನು ತಿನ್ನುತ್ತವೆ?” ಪ್ರಶ್ನೆ ಹಗುರವಾದುದಲ್ಲ. ಕಾಡಿನ ತೊರಕೆ, ಅಂದರೆ ಮನುಷ್ಯರ ಕೈತುತ್ತಿಲ್ಲದೆ ಬದುಕುವ ತೊರಕೆ, ರಾತ್ರಿ ತಿರುಗಿ ಹಗಲು ವಿಶ್ರಮಿಸುವ ಪ್ರಾಣಿ. ಈ ದಿಣ್ಣೆಯ ತೊರಕೆಗಳು ಹಗಲೆಲ್ಲ ದುಡಿದು ರಾತ್ರಿ ಮಲಗುತ್ತವೆಂದು ಫ್ಲಾರಿಡಾದ ನೋವಾ ಸೌತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಮತ್ತು ಗೈ ಹಾರ್ವಿ ಸಂಸ್ಥೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಮುದುಕನೊಬ್ಬನ ಭಯ ಬಿಡಿಸುವುದಕ್ಕಾಗಿ ಆ ಮೀನುಗಳು ತಮ್ಮ ಇರುಳನ್ನೇ ಕೊಟ್ಟಿದ್ದವು. 2020ರ ಮಾರ್ಚಿನಿಂದ 2022ರ ಮಾರ್ಚಿನವರೆಗೆ ಎರಡು ವರ್ಷ ಸಾಂಕ್ರಾಮಿಕದ ಕಾರಣ ಆ ದ್ವೀಪಕ್ಕೆ ವಿಹಾರನೌಕೆಗಳು ಬರಲೇ ಇಲ್ಲ. ಆಮೇಲೆ ಬಂದ ಅನೇಕ ಹಡಗುಗಳಲ್ಲಿ ನಮ್ಮದೂ ಒಂದು. ಹುಡುಗಿಗೆ ಏನು ಹೇಳಲಿ? “ಏಡಿ ತಿನ್ನುತ್ತವೆ” ಎಂದೆ.

ಊರಿಗೆ ಬಂದ ಮೇಲೆ ಗಂಗೊಳ್ಳಿಯ ಬಂದರಿಗೆ ಹೋದೆ. ಮಾಮ ತೀರಿಕೊಂಡು ಬಹಳ ವರ್ಷಗಳಾಗಿವೆ. ಮೊಮ್ಮಗ ದೋಣಿ ಇಟ್ಟಿದ್ದಾನೆ. ಬಲೆ ಸರಿಪಡಿಸುತ್ತ ಕೂತಿದ್ದವನ ಬಳಿ ಕೂತು, ನಿನ್ನ ಅಜ್ಜನ ಕಾಲು ತೊರಕೆಯ ದೆಸೆಯಿಂದ ಕುಂಟಾಗಿತ್ತಲ್ಲವೇ ಎಂದು ಕೇಳಿದೆ. ಉತ್ತರ ತಿಳಿದೇ ಕೇಳಿದೆ. ಅವನು ಬಲೆಯಿಂದ ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದ.

“ಕುಂಟ? ಯಾರ್ ಹೇಳದ್ ಮಾಷ್ಟ್ರೆ? ನಮ್ ಅಜ್ಜ ಕಡಿ ತನಕ ನೆಟ್ಟಗೇ ನಡಿತಿದ್ರ್.”