ಚಿಕ್ಕಬಳ್ಳಾಪುರದ ರೈಲುದಾರಿ ಯಾರಿಗಾಗಿ?

(ರಾಜಗೋಪಾಲನಗರದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ರಾಜಗೋಪಾಲನಗರಕ್ಕೆ ಯಶವಂತಪುರದ ಸ್ಟೇಷನ್ನು ದೂರವಲ್ಲ. ಅಲ್ಲಿಂದ ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುದಾರಿಯ ಚರಿತ್ರೆಯನ್ನು ಈ ಸಂಜೆ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಹಳೆಯ ಕಥೆ ಈಗೇಕೆ ಎಂದು ನೀವು ಕೇಳಬಹುದು. ನಮ್ಮ ಪಾಳಿಗೂ ನಮ್ಮ ಸರಕಿಗೂ ಅದರ ಸಂಬಂಧವಿದೆ, ಅದಕ್ಕಾಗಿ.

ಮದರಾಸಿನ ರೈಲು 1864ರಲ್ಲಿ ಬೆಂಗಳೂರು ದಂಡಿಗೆ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗೆ ಕವಲು ಹಾಕಿದರು. ಆದರೆ ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ. ಚಿನ್ನ ಮೊದಲು, ರಾಗಿ ಬೆಳೆಯುವವನು ಹತ್ತೊಂಬತ್ತು ವರ್ಷದ ಮೇಲೆ! ಯಶವಂತಪುರದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಲೈಟ್ ರೈಲ್ವೆ ಬಂದದ್ದು 1915ರಲ್ಲಿ. ಕೋಲಾರದ ಕಡೆಯ ಹಳಿಯೂ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ದಾಟಿ ಬಂದು ಚಿಕ್ಕಬಳ್ಳಾಪುರದಲ್ಲಿ ಇದನ್ನು ಕೂಡಿಕೊಂಡಿತು.

ಈ ಹಳಿಯ ಅಗಲ ಎರಡೂವರೆ ಅಡಿ. ಹಗುರವಾದ ಕಂಬಿ, ಸಣ್ಣ ಎಂಜಿನ್, ಕಡಿಮೆ ಖರ್ಚು. ಬಡ ಸೀಮೆಗೆ ಬೇಗ ರೈಲು ಕೊಡುವುದಕ್ಕೆ ಅದೇ ಉಪಾಯವಾಗಿತ್ತು. ಆದರೆ ಖರ್ಚು ಉಳಿಸಿದ್ದರ ಭಾರ ಬಿದ್ದದ್ದು ಹಮಾಲಿಯ ಬೆನ್ನಿನ ಮೇಲೆ, ವ್ಯಾಪಾರಿಯ ಕೈಚೀಲದ ಮೇಲೆ. ಯಶವಂತಪುರದಲ್ಲಿ ಇದ್ದದ್ದು ಮೀಟರ್ ಗೇಜು. ಬಂಗಾರಪೇಟೆಯಲ್ಲಿ ಐದೂವರೆ ಅಡಿಯ ಬ್ರಾಡ್ ಗೇಜು. ದೂರದೂರಿಗೆ ಹೋಗುವ ಮೂಟೆಯನ್ನು ಯಾವ ಕೊನೆಯಲ್ಲಾದರೂ ಸರಿ, ಇಳಿಸಿ ಮತ್ತೆ ಏರಿಸಲೇಬೇಕು. ಇಳಿಸಲು ಕೂಲಿ, ಏರಿಸಲು ಕೂಲಿ, ನಡುವೆ ಕಾಯುವ ಹೊತ್ತು. ಮಂಡಿಯ ಬಾಗಿಲಿಗೇ ಬಂದು ನಿಲ್ಲುವ ಲಾರಿಯ ಮುಂದೆ ಪುಟ್ಟ ರೈಲು ಹೇಗೆ ತಾನೇ ಉಳಿದೀತು?

ಮುಂದೆ ಬ್ರಾಡ್ ಗೇಜು ಮಾಡುವ ಕೆಲಸ ಬಂತು. ಅದು ಬೇಕಾಗಿತ್ತು, ನಾವು ಅದನ್ನು ವಿರೋಧಿಸುವವರಲ್ಲ. ಆದರೆ ಎರಡು ಕೊನೆಗಳ ಕೆಲಸ ಮೊದಲು ಮುಗಿಯಿತು, ನಡುವಿನ ಊರುಗಳು ಕಾದವು. ಶಿಡ್ಲಘಟ್ಟದ ರೇಷ್ಮೆಯವರೂ ಚಿಂತಾಮಣಿಯ ಮಂಡಿಯವರೂ ಹೊಸ ಹಳಿಯ ಮೇಲೆ ರೈಲು ಕಂಡದ್ದು 2013ರಲ್ಲಿ.

ಇನ್ನು ಸ್ಟೇಷನ್ನುಗಳ ಮಾತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಇವೆಲ್ಲ ಹಳ್ಳಿಯವರು ಹತ್ತಿ ಇಳಿಯುವ ಸಣ್ಣ ನಿಲ್ದಾಣಗಳು. ದೊಡ್ಡಜಾಲ, ನಂದಿ ಹಾಲ್ಟ್ ಮೊದಲಾದ ಕಡೆ ಹಳೆಯ ಕಟ್ಟಡಗಳ ದುರಸ್ತಿಯನ್ನು ಇಂಟ್ಯಾಕ್ ಸಂಸ್ಥೆ ಕೈಗೆತ್ತಿಕೊಂಡಿತು. ಸಂತೋಷ. ಗೋಡೆಗೆ ಬಂದ ಭಾಗ್ಯ ವೇಳಾಪಟ್ಟಿಗೂ ಬರಲಿ ಎನ್ನುತ್ತೇವೆ.

ಒಂದು ಉದಾಹರಣೆ ನೋಡಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು. ಹಳಿ ಅದರ ಪಕ್ಕದಲ್ಲೇ ಇತ್ತು. ಆದರೂ ಅಲ್ಲಿ ರೈಲು ನಿಲ್ಲತೊಡಗಿದ್ದು 2021ರ ಜನವರಿಯಲ್ಲಿ. ವಿಮಾನ ಹತ್ತುವವರು ಕಾರಿನಲ್ಲಿ ಹೋದಾರು. ಅಲ್ಲಿ ಕಸ ಗುಡಿಸುವವರು, ಮೂಟೆ ಹೊರುವವರು, ಕಾವಲು ಕಾಯುವವರು ಹದಿಮೂರು ವರ್ಷ ಏನು ಮಾಡಬೇಕಾಗಿತ್ತು?

ಈಗ ಉಪನಗರ ರೈಲಿನ ಯೋಜನೆ ಇದೆ. ಕೇಂದ್ರ ಸರ್ಕಾರ ಇದಕ್ಕೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. 2022ರ ಜೂನಿನಲ್ಲಿ ಅಡಿಗಲ್ಲು ಬಿತ್ತು. ಸಂಪಿಗೆ ಎಂಬ ದಾರಿ ದೇವನಹಳ್ಳಿಗೆ. ಮಲ್ಲಿಗೆ ಎಂಬುದು ನಮ್ಮ ಪಕ್ಕದ ಚಿಕ್ಕಬಾಣಾವರಕ್ಕೆ. ಹೆಸರು ಚೆನ್ನಾಗಿವೆ. ಆದರೆ ಹೂವಿನ ಹೆಸರಿಟ್ಟ ಮಾತ್ರಕ್ಕೆ ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಾಗುವುದಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಮೂರು. ಪಾಳಿ ಶುರುವಾಗುವ ಮುಂಚೆ, ಪಾಳಿ ಬಿಟ್ಟ ಮೇಲೆ ರೈಲು ಇರಬೇಕು. ಸ್ಟೇಷನ್ನಿನಿಂದ ಕಾರ್ಖಾನೆಯ ಬೀದಿಗೆ ಬಸ್ಸು ಇರಬೇಕು. ಸಣ್ಣ ವ್ಯಾಪಾರಿಯ ನಾಲ್ಕು ಮೂಟೆಗೂ ಸಣ್ಣ ಸ್ಟೇಷನ್ನಿನಲ್ಲಿ ಜಾಗ ಸಿಗಬೇಕು.

ಹಳಿಯ ಅಗಲ ಎಷ್ಟೆಂದು ಇಂಜಿನಿಯರರು ಹೇಳಲಿ. ಗಾಡಿ ಎಷ್ಟು ಗಂಟೆಗೆ ಬರಬೇಕೆಂದು ಹೇಳುವ ಹಕ್ಕು ಅದರಲ್ಲಿ ಓಡಾಡುವವರದು. ಆ ಹಕ್ಕನ್ನು ಒಬ್ಬೊಬ್ಬರಾಗಿ ಕೇಳಿದರೆ ಅರ್ಜಿ ಕಡತ ಸೇರುತ್ತದೆ, ಸಂಘವಾಗಿ ಕೇಳೋಣ.