ಅಜ್ಜನ ದನಿ ಮತ್ತು ಕತ್ತರಿಯ ಆಯ್ಕೆ

(ಮನೆಯ ಸಮಾರಂಭ, ಪ್ರವಾಸಗಳನ್ನು ತಾವೇ ಚಿತ್ರೀಕರಿಸುವ ಹವ್ಯಾಸಿಗಳ ಭಾನುವಾರದ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ.)



ನನ್ನನ್ನು ಇಲ್ಲಿಗೆ ಕರೆದವರು ಕೇಳಿದ್ದು ಒಂದೇ ಪ್ರಶ್ನೆ: ‘ಮನೆಯ ವಿಡಿಯೊ ಜೋಡಿಸಲು ಯಾವ ತಂತ್ರಾಂಶ ಒಳ್ಳೆಯದು, ಹೇಳಿಬಿಡಿ.’ ನಾಲ್ಕು ಹೆಸರು ಹೇಳಿ ಕುಳಿತುಬಿಡಬಹುದಿತ್ತು. ಆದರೆ ಹಿನ್ನೆಲೆಯಿಲ್ಲದೆ ಸುದ್ದಿ ಹೇಳಿ ನಮಗೆ ಅಭ್ಯಾಸವಿಲ್ಲ. ಹೆಸರುಗಳನ್ನು ಕೊನೆಗೆ ಹೇಳುತ್ತೇನೆ. ಮೊದಲು ನಮ್ಮ ಮನೆಯ ಒಂದು ಕ್ಯಾಸೆಟ್ಟಿನ ಕಥೆ.

1996ರಲ್ಲಿ ನಮ್ಮ ಅಜ್ಜನಿಗೆ ಅರವತ್ತು ತುಂಬಿತು. ನಾನಿನ್ನೂ ಹುಟ್ಟಿರಲಿಲ್ಲ. ಷಷ್ಟಿಪೂರ್ತಿ ಸಮಾರಂಭಕ್ಕೆ ಊರಿನ ಸ್ಟುಡಿಯೊದವರು ಬಂದು ವಿಡಿಯೊ ತೆಗೆದರು. ಊಟ ಮುಗಿದ ಮೇಲೆ ಅಜ್ಜ ಹಜಾರದಲ್ಲಿ ಕುಳಿತು ಕುಮಾರವ್ಯಾಸ ಭಾರತ ವಾಚನ ಮಾಡಿದರಂತೆ. ತಿಂಗಳ ನಂತರ ‘ಮಿಕ್ಸಿಂಗ್’ ಮುಗಿದು ಮೂರು ಗಂಟೆಯ ಕ್ಯಾಸೆಟ್ಟು ಮನೆಗೆ ಬಂತು. ಅದರಲ್ಲಿ ಅಜ್ಜನ ಬಾಯಿ ಆಡುತ್ತದೆ, ಬೆರಳು ಗಾಳಿಯಲ್ಲಿ ಸುಳಿಯುತ್ತದೆ, ಎದುರಿಗೆ ಕುಳಿತವರು ತಲೆದೂಗುತ್ತಾರೆ. ಕೇಳಿಸುವುದು ಮಾತ್ರ ಒಂದರ ಹಿಂದೊಂದು ಸಿನಿಮಾ ಹಾಡು. ಅಜ್ಜ ತೀರಿಕೊಂಡ ಮೇಲೆ ನಮ್ಮ ಚಿಕ್ಕಪ್ಪ ಮೂಲ ಕ್ಯಾಸೆಟ್ಟನ್ನು ಕೇಳಿಕೊಂಡು ಸ್ಟುಡಿಯೊಗೆ ಹೋದರು. ಅಷ್ಟರಲ್ಲಿ ಅದರ ಮೇಲೆ ಬೇರೆ ಯಾರದೋ ಮದುವೆ ರೆಕಾರ್ಡ್ ಆಗಿಹೋಗಿತ್ತು.

ಸ್ಟುಡಿಯೊದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಖಾಲಿ ಕ್ಯಾಸೆಟ್ಟಿಗೆ ಹಣ ಬೀಳುತ್ತಿತ್ತು. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಮದುವೆ ತೆಗೆಯುವುದು ಆ ಕಾಲದ ಪದ್ಧತಿ. ಹಾಡು ಹಾಕಿದ್ದು ಕೂಡ ಗಿರಾಕಿಗೆ ಖುಷಿಯಾಗಲೆಂದೇ. ಆದರೆ ಉಪಕರಣ ಹೇಗಿರುತ್ತದೋ ನೆನಪು ಹಾಗೆ ಉಳಿಯುತ್ತದೆ ಅಥವಾ ಅಳಿಯುತ್ತದೆ. ಇದು ತಿಳಿಯದೆ ತಂತ್ರಾಂಶದ ಆಯ್ಕೆ ಮಾಡಿದರೆ ನಾವೂ ಅದೇ ತಪ್ಪನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತೇವೆ.

ಕತ್ತರಿ, ಅಂಟು, ಮಿಕ್ಸರು

ಮನೆಯಲ್ಲಿ ಚಲನಚಿತ್ರ ತೆಗೆಯುವ ಹವ್ಯಾಸ ಹೊಸದಲ್ಲ. ಅಮೆರಿಕದ ಕೊಡಾಕ್ ಕಂಪೆನಿ 1923ರಲ್ಲಿ 16 ಮಿಲಿಮೀಟರ್ ಫಿಲ್ಮನ್ನೂ ಅದಕ್ಕೊಂದು ಕ್ಯಾಮೆರಾವನ್ನೂ ಹವ್ಯಾಸಿಗಳಿಗೆಂದೇ ಹೊರತಂದಿತು. 1932ರಲ್ಲಿ 8 ಮಿಲಿಮೀಟರ್ ಫಿಲ್ಮ್, 1965ರಲ್ಲಿ ‘ಸೂಪರ್ 8’ ಬಂದವು. ಸೂಪರ್ 8 ಕಾರ್ಟ್ರಿಜ್ ಒಂದರಲ್ಲಿ 50 ಅಡಿ ಫಿಲ್ಮ್. ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ ಅದು ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಹಾಗಾಗಿ ಆ ಕಾಲದ ಹವ್ಯಾಸಿ ಗುಂಡಿ ಒತ್ತುವ ಮೊದಲೇ ಸಂಕಲನ ಮಾಡುತ್ತಿದ್ದ. ಯಾವುದು ಬೇಡವೆಂದು ಮೊದಲೇ ನಿರ್ಧರಿಸುತ್ತಿದ್ದ.

ಇನ್ನೊಂದು ಅಪಾಯವಿತ್ತು. ಸಿನಿಮಾದವರ ಬಳಿ ನೆಗೆಟಿವ್ ಭದ್ರವಾಗಿರುತ್ತದೆ. ಕತ್ತರಿಸುವುದು ಅದರ ಪ್ರತಿಯನ್ನು. ಮನೆಯ ಫಿಲ್ಮಿಗೆ ಸಾಮಾನ್ಯವಾಗಿ ನೆಗೆಟಿವ್ ಇರುತ್ತಿರಲಿಲ್ಲ. ಕ್ಯಾಮೆರಾದೊಳಗೆ ಓಡಿದ ಸುರುಳಿಯೇ ತೊಳೆದ ಮೇಲೆ ಪ್ರೊಜೆಕ್ಟರಿನಲ್ಲಿಯೂ ಓಡುತ್ತಿತ್ತು. ಕತ್ತರಿ ಹಾಕಿದರೆ ಇದ್ದೊಂದು ಮೂಲಕ್ಕೇ ಹಾಕಬೇಕು.

ಆಮೇಲೆ ಟೇಪಿನ ಯುಗ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ನಮ್ಮಲ್ಲಿ ಬಣ್ಣದ ಟಿ.ವಿ. ಬಂತು, ಬೆನ್ನಿಗೇ ವಿಸಿಆರ್ ಬಂತು, ಮದುವೆ ಮನೆಗೆ ವಿಡಿಯೊ ಕ್ಯಾಮೆರಾ ಬಂತು. ಟೇಪನ್ನು ಕತ್ತರಿಸುವಂತಿಲ್ಲ. ಒಂದು ವಿಸಿಆರ್‌ನಲ್ಲಿ ಮೂಲವನ್ನು ಓಡಿಸಿ, ಬೇಕಾದ ಭಾಗವನ್ನು ಮಾತ್ರ ಇನ್ನೊಂದರಲ್ಲಿ ಮುದ್ರಿಸಿಕೊಳ್ಳಬೇಕು. ನಡುವೆ ಒಂದು ಮಿಕ್ಸರು. ‘ಮಿಕ್ಸಿಂಗ್’ ಎಂಬ ಮಾತು ನಮ್ಮ ಸ್ಟುಡಿಯೊಗಳಲ್ಲಿ ನೆಲೆಯಾದದ್ದು ಹೀಗೆ. ಪ್ರತಿಯ ಪ್ರತಿ ತೆಗೆದಷ್ಟೂ ಚಿತ್ರ ಮಸುಕು. ಮೊದಲ ಹತ್ತು ನಿಮಿಷದಲ್ಲಿ ಒಂದು ದೃಶ್ಯ ಬಿಟ್ಟುಹೋಗಿದೆ ಎಂದು ಮೂರನೆಯ ಗಂಟೆಯಲ್ಲಿ ನೆನಪಾದರೆ, ಅಲ್ಲಿಂದ ಮುಂದಿನದ್ದೆಲ್ಲ ಮತ್ತೆ ಮಾಡಬೇಕು. ಯಾರು ಮಾಡುತ್ತಾರೆ?

ಗಣಕಯಂತ್ರ ಬದಲಾಯಿಸಿದ್ದು ಇದನ್ನು. 1989ರಲ್ಲಿ ‘ಆವಿಡ್’, 1991ರಲ್ಲಿ ಅಡೋಬಿಯವರ ‘ಪ್ರೀಮಿಯರ್’ ಬಂದವು. 1999ರಲ್ಲಿ ಆಪಲ್ ಕಂಪೆನಿಯ ‘ಐಮೂವಿ’, 2000ದಲ್ಲಿ ಮೈಕ್ರೊಸಾಫ್ಟ್‌ನ ‘ವಿಂಡೋಸ್ ಮೂವಿ ಮೇಕರ್’ ಈ ವಿದ್ಯೆಯನ್ನು ಮನೆಗೆ ತಂದವು. ಇವುಗಳಲ್ಲಿ ನಾವು ‘ಕತ್ತರಿಸುತ್ತೇವೆ’ ಎನ್ನುವುದು ಬರೀ ರೂಢಿಯ ಮಾತು. ಭಾರತ ವಾಚನ ಮಾಡುವವರು ಪುಸ್ತಕ ಹರಿಯುವುದಿಲ್ಲ. ಯಾವ ಪದ್ಯದಿಂದ ಯಾವ ಪದ್ಯದವರೆಗೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ತಂತ್ರಾಂಶ ಮಾಡುವುದೂ ಅಷ್ಟೇ. ಮೂಲ ಕಡತವನ್ನು ಮುಟ್ಟದೆ, ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು, ದನಿ ಎಷ್ಟಿರಬೇಕು ಎಂಬ ಚೀಟಿಯನ್ನು ಬರೆಯುತ್ತದೆ. ಆ ಚೀಟಿಗೆ ‘ಪ್ರಾಜೆಕ್ಟ್’ ಎಂದು ಹೆಸರು. ಕೊನೆಯಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ಮಾತ್ರ ಹೊಸದೊಂದು ಕಡತ ಸಿದ್ಧವಾಗುತ್ತದೆ.

ಹಾಗಾದರೆ ಅಪಾಯ ತೀರಿತೆ? ಇಲ್ಲ. ಪುಸ್ತಕವನ್ನೇ ರದ್ದಿಗೆ ಹಾಕಿದರೆ ಚೀಟಿಗೆ ಬೆಲೆಯಿಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಮೂಲ ವಿಡಿಯೊಗಳನ್ನು ಅಳಿಸಿ, ಹಾಡು ಸೇರಿಸಿದ ಮೂರು ನಿಮಿಷದ ತುಣುಕನ್ನು ಮಾತ್ರ ಉಳಿಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! 1996ರ ಸ್ಟುಡಿಯೊ ಮಾಡಿದ್ದನ್ನೇ ನಾವು ಇಂದು ನಮ್ಮ ಕೈಯಾರೆ ಮಾಡುತ್ತಿದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು; ಅದರ ಒಂದು ಪ್ರತಿಯೂ ಉಳಿದಿಲ್ಲ. ಉದ್ಯಮಕ್ಕೇ ಹೀಗಾದರೆ ಮನೆಯ ಗತಿಯೇನು?

ಕಂಪೆನಿಗಳ ಆಯುಷ್ಯ

ಉಪಕರಣಗಳ ಪ್ರಯಾಣವೂ ವಿಚಿತ್ರ. ಹಾಲಿವುಡ್ ಸಂಕಲನಕಾರರ ಕೈಗೂಡಿದ್ದ ‘ಮೂವಿಯೊಲಾ’ ಯಂತ್ರವನ್ನು ಐವಾನ್ ಸೆರೂರಿಯರ್ ಎಂಬಾತ ಮೊದಲು ಮಾಡಿದ್ದು ಮನೆಯಲ್ಲಿ ಸಿನಿಮಾ ನೋಡಲೆಂದು. ಬೆಲೆ ಹೆಚ್ಚಾಗಿ ಕೊಂಡವರು ತೀರಾ ಕಡಿಮೆ. 1924ರಲ್ಲಿ ಅದು ಸ್ಟುಡಿಯೊ ಸೇರಿ ಸಂಕಲನದ ಯಂತ್ರವಾಯಿತು. ‘ಡಾವಿಂಚಿ ರಿಸಾಲ್ವ್’ ನಡೆದದ್ದು ಇದಕ್ಕೆ ವಿರುದ್ಧ ದಾರಿಯಲ್ಲಿ. ಸಿನಿಮಾಗಳ ಬಣ್ಣ ತಿದ್ದಲು ದೊಡ್ಡ ಸ್ಟುಡಿಯೊಗಳು ಮಾತ್ರ ಕೊಳ್ಳಬಹುದಾಗಿದ್ದ ಅದನ್ನು 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪೆನಿ ಕೊಂಡುಕೊಂಡಿತು. 2011ರಲ್ಲಿ ಉಚಿತ ಆವೃತ್ತಿಯನ್ನೂ ಕೊಟ್ಟಿತು.

ಕೊಟ್ಟವರು ಕಿತ್ತುಕೊಳ್ಳುವುದೂ ಉಂಟು. 2011ರಲ್ಲಿ ಆಪಲ್‌ನ ‘ಫೈನಲ್ ಕಟ್ ಪ್ರೊ ಎಕ್ಸ್’ ಬಂದಾಗ, ಅದೇ ಹೆಸರಿನ ಹಳೆಯ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟುಗಳನ್ನು ಅದು ತೆರೆಯುತ್ತಿರಲಿಲ್ಲ. ನಮ್ಮ ಅಣ್ಣಂದಿರು ಕೈ ಪಳಗಿಸಿಕೊಂಡ ಮೂವಿ ಮೇಕರನ್ನು ಮೈಕ್ರೊಸಾಫ್ಟ್ 2017ರ ಜನವರಿಯಲ್ಲಿ ನಿಲ್ಲಿಸಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ‘ಟಿಕ್‌ಟಾಕ್’ ಜೊತೆಗೆ ‘ವಿವಾವಿಡಿಯೊ’ ಎಂಬ ಸಂಕಲನದ ಆ್ಯಪ್ ಕೂಡ ಇತ್ತು. ನಿಷೇಧದ ಸರಿತಪ್ಪು ಇಲ್ಲಿನ ವಿಷಯವಲ್ಲ. ತಂತ್ರಾಂಶಕ್ಕಿಂತ ನಿಮ್ಮ ಮಗುವಿನ ಮೊದಲ ನಡಿಗೆ ಹೆಚ್ಚು ಕಾಲ ಬಾಳಬೇಕು ಎಂಬುದಷ್ಟೇ ನನ್ನ ಮಾತು.

ಐದು ಪರೀಕ್ಷೆಗಳು

ಇಷ್ಟು ಹೇಳಿದ ಮೇಲೆ ಆಯ್ಕೆಯ ವಿಚಾರ ಸುಲಭ. ಯಾವ ತಂತ್ರಾಂಶವನ್ನೇ ಆಗಲಿ, ಎರಡು ನಿಮಿಷದ ವಿಡಿಯೊ ಹಾಕಿಕೊಂಡು ಐದು ಬಗೆಯಲ್ಲಿ ಪರೀಕ್ಷಿಸಿ.

ಮೊದಲನೆಯದು, ನಿಮ್ಮ ಯಂತ್ರ ಅದನ್ನು ಹೊರುತ್ತದೆಯೆ? ಇಂದಿನ ಫೋನುಗಳ 4ಕೆ ವಿಡಿಯೊ ಹಳೆಯ ಲ್ಯಾಪ್‌ಟಾಪಿಗೆ ಭಾರ, ಓಡಿಸಿದರೆ ತಡವರಿಸುತ್ತದೆ. ಅಂಥ ಕಡೆ ‘ಪ್ರಾಕ್ಸಿ’ ಸೌಲಭ್ಯ ಬೇಕು. ಅಂದರೆ ಕೆಲಸ ಮಾಡುವಾಗ ಒಂದು ಚಿಕ್ಕ ಪ್ರತಿ, ಕೊನೆಯಲ್ಲಿ ಹೊರಬರುವುದು ಮೂಲದ ಗುಣಮಟ್ಟ.

ಎರಡನೆಯದು ಕನ್ನಡ. ಶೀರ್ಷಿಕೆಯ ಜಾಗದಲ್ಲಿ ‘ಶ್ರೀ’, ‘ಅರ್ಘ್ಯ’, ‘ಜ್ಯೋತ್ಸ್ನಾ’ ಎಂದು ಟೈಪು ಮಾಡಿ ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸಿಡಿದು ನಿಂತರೆ, ನಮ್ಮ ಲಿಪಿಯ ಜೋಡಣೆ ಆ ತಂತ್ರಾಂಶಕ್ಕೆ ಗೊತ್ತಿಲ್ಲವೆಂದು ಅರ್ಥ. ಮದುವೆ ವಿಡಿಯೊಗಳಲ್ಲಿ ವಧೂವರರ ಹೆಸರು ಎಷ್ಟೋ ವರ್ಷ ಇಂಗ್ಲಿಷಿನಲ್ಲೇ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಕೆಲವೊಮ್ಮೆ ದೋಷ ಒಂದು ಆಯ್ಕೆಯಲ್ಲಿ ಅಡಗಿರುತ್ತದೆ. ಪ್ರೀಮಿಯರ್‌ನಲ್ಲಿ ಅಕ್ಷರಗಳ ಸೆಟ್ಟಿಂಗಿಗೆ ಹೋಗಿ ‘ದಕ್ಷಿಣ ಏಷ್ಯಾ’ದ ಲಿಪಿಗಳಿಗೆಂದಿರುವ ಆಯ್ಕೆಯನ್ನು ಒತ್ತಿದರೆ ಒತ್ತಕ್ಷರ ಸರಿಯಾಗುತ್ತದೆ. ಏನೂ ಆಗದಿದ್ದರೆ, ಬೇರೆ ಕಡೆ ಕನ್ನಡದಲ್ಲಿ ಬರೆದು ಚಿತ್ರವಾಗಿ ಉಳಿಸಿ ಒಳಗೆ ತನ್ನಿ.

ಮೂರನೆಯದು ದನಿ. ನನ್ನ ಮಟ್ಟಿಗೆ ಇದೇ ಮುಖ್ಯ. ದನಿಯ ಏರಿಳಿತ ಅಲೆಯಂತೆ ಕಣ್ಣಿಗೆ ಕಾಣಬೇಕು. ಸಂಗೀತಕ್ಕೂ ಮಾತಿಗೂ ಬೇರೆ ಬೇರೆ ಪಟ್ಟಿ ಇರಬೇಕು. ಅಜ್ಜಿ ಮಾತನಾಡುವಲ್ಲಿ ಹಾಡನ್ನು ತಗ್ಗಿಸಲು ಬರಬೇಕು. ಇನ್ನೊಂದು ಸಂಗತಿ: ಫೋನುಗಳು ಬೆಳಕಿಗೆ ತಕ್ಕಂತೆ ಚೌಕಟ್ಟಿನ ವೇಗವನ್ನು ಹೆಚ್ಚುಕಡಿಮೆ ಮಾಡುವುದರಿಂದ, ಉದ್ದದ ವಿಡಿಯೊದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುವುದುಂಟು. ‘ಶಾಟ್‌ಕಟ್’ನಂಥ ತಂತ್ರಾಂಶ ಇದನ್ನು ಗುರುತಿಸಿ, ಒಂದೇ ವೇಗಕ್ಕೆ ಬದಲಾಯಿಸಿಕೊಡಲೇ ಎಂದು ತಾನೇ ಕೇಳುತ್ತದೆ.

ನಾಲ್ಕನೆಯದು ಹೊರಬರುವ ಬಾಗಿಲು. ಸಿದ್ಧವಾದ ಚಿತ್ರವನ್ನು ‘ಎಂಪಿ4’ನಂಥ ಸಾಮಾನ್ಯ ರೂಪದಲ್ಲಿ, ಮುದ್ರೆಯಿಲ್ಲದೆ ಕೊಡುತ್ತದೆಯೆ? ‘ಕೈನ್‌ಮಾಸ್ಟರ್’ ನಮ್ಮ ಹಳ್ಳಿಗಳಲ್ಲೂ ಜನಪ್ರಿಯ. ಆದರೆ ಹಣ ಕೊಡದಿದ್ದರೆ ಚಿತ್ರದ ಮೂಲೆಯಲ್ಲಿ ಅದರ ಹೆಸರು ಕೂರುತ್ತದೆ.

ಐದನೆಯದು ಹಣ. ವರ್ಷವರ್ಷವೂ ಚಂದಾ ಕಟ್ಟಬೇಕಾದ ತಂತ್ರಾಂಶದಲ್ಲಿ ಚಂದಾ ನಿಂತ ದಿನ ನಿಮ್ಮ ಚೀಟಿಗಳೂ ಮುಚ್ಚಿಕೊಳ್ಳುತ್ತವೆ. ಸಂಕಲನದಿಂದಲೇ ಜೀವನ ನಡೆಸುವವರಿಗೆ ಅದು ಸರಿ. ವರ್ಷಕ್ಕೆ ನಾಲ್ಕು ಹಬ್ಬ, ಒಂದು ಪ್ರವಾಸ ಜೋಡಿಸುವವರಿಗೆ ಬೇಡ.

ಇನ್ನು ಹೆಸರುಗಳು

ಮ್ಯಾಕ್ ಅಥವಾ ಐಫೋನ್ ಇರುವವರಿಗೆ ‘ಐಮೂವಿ’ ಸಾಕು. ಅದು ಉಚಿತ, ಕಲಿಯಲು ಒಂದು ಮಧ್ಯಾಹ್ನ ಬೇಕು. ವಿಂಡೋಸ್ 11ರ ಜೊತೆಗೇ ಬರುವ, ಮೈಕ್ರೊಸಾಫ್ಟ್ 2021ರಲ್ಲಿ ಕೊಂಡುಕೊಂಡ ‘ಕ್ಲಿಪ್‌ಚಾಂಪ್’ ಆರಂಭಕ್ಕೆ ಅಡ್ಡಿಯಿಲ್ಲ. ಸ್ವಲ್ಪ ಹೆಚ್ಚು ಮಾಡಬೇಕೆನ್ನುವವರಿಗೆ ನನ್ನ ಮೊದಲ ಆಯ್ಕೆ ‘ಶಾಟ್‌ಕಟ್’ ಅಥವಾ ‘ಕೆಡೆನ್‌ಲೈವ್’. ಎರಡೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಪ್ರಾಕ್ಸಿ ಸೌಲಭ್ಯವಿದೆ, ಮುದ್ರೆಯಿಲ್ಲ, ಚಂದಾ ಇಲ್ಲ. ಅವುಗಳ ಪ್ರಾಜೆಕ್ಟ್ ಕಡತ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇವೆಲ್ಲಕ್ಕಿಂತ ಬಲಶಾಲಿ; ಬಣ್ಣ ತಿದ್ದುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ 16 ಜಿಬಿ ಮೆಮೊರಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದನ್ನು ಹಾಕಿ ತಾಳ್ಮೆ ಕಳೆದುಕೊಳ್ಳಬೇಡಿ.

ಯಾವುದನ್ನೇ ಆರಿಸಿ, ಮೂಲ ವಿಡಿಯೊಗಳನ್ನು ತಾರೀಖಿನ ಪ್ರಕಾರ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಂದು ಡಿಸ್ಕು ಬೇರೆ ಮನೆಯಲ್ಲಿರಲಿ. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟು ಇರುವವರು ಇನ್ನೂ ತಡ ಮಾಡಬೇಡಿ. ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಉಳಿದಿರುವ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ, ರಿಪೇರಿ ಗೊತ್ತಿರುವವರಿಗೂ ವಯಸ್ಸಾಗುತ್ತಿದೆ.

ನಮ್ಮ ಕ್ಯಾಸೆಟ್ಟಿನ ಕಥೆ ಮುಗಿಸಿಬಿಡುತ್ತೇನೆ. ಕಳೆದ ವರ್ಷ ಅದನ್ನು ಗಣಕಕ್ಕೆ ಇಳಿಸಿ ಶಾಟ್‌ಕಟ್‌ನಲ್ಲಿ ತೆರೆದೆ. ಅಜ್ಜ ವಾಚನ ಮಾಡುವ ಭಾಗದಲ್ಲಿ ದನಿಯ ಅಲೆ ಹಾಡಿನಿಂದ ದಟ್ಟವಾಗಿ ತುಂಬಿತ್ತು. ಆದರೆ ಒಂದು ಕಡೆ ಅಲೆ ಇದ್ದಕ್ಕಿದ್ದಂತೆ ತೆಳುವಾಗಿ, ಮತ್ತೆ ದಪ್ಪಗಾಗಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಿಕ್ಸಿಂಗ್ ಮಾಡಿದವರು ಮೂಲ ದನಿಯನ್ನು ಮುಚ್ಚಲು ಮರೆತಿದ್ದರು. ಏಳು ಸೆಕೆಂಡು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಪಾತ್ರೆಯ ಸದ್ದು, ಒಂದು ಮಗುವಿನ ಅಳು, ಅವುಗಳ ಹಿಂದೆ ಅಜ್ಜ. ಯಾವ ಪದ್ಯವೆಂದು ತಿಳಿಯಲು ಅಷ್ಟು ಸಾಲದು.

ಅಜ್ಜಿಗೆ ಕೇಳಿಸಿದೆ. ಮೂರು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ಹೇಳಿದರು: ‘ಅವತ್ತು ಅವರಿಗೆ ನೆಗಡಿಯಾಗಿತ್ತು. ನೋಡು, ಗಂಟಲು ಕಟ್ಟಿದೆ.’

ಆ ಏಳು ಸೆಕೆಂಡು ಈಗ ಬೇರೆ ಕಡತವಾಗಿ ಎರಡು ಡಿಸ್ಕಿನಲ್ಲಿದೆ. ಹಾಡು ಇರುವ ಇಡೀ ಕ್ಯಾಸೆಟ್ಟೂ ಇದೆ, ಅದನ್ನೂ ಅಳಿಸಿಲ್ಲ.