ಅಜ್ಜನ ಪದಕಕ್ಕೆ ಕನ್ನಡದಲ್ಲೇ ಅರ್ಜಿ ಬರೆಯಿರಿ!

(ಯುವಕ-ಯುವತಿಯರ ಸಭೆಯಲ್ಲಿ ಮಾಜಿ ಸೈನಿಕರೊಬ್ಬರು ಮಾಡಿದ ಭಾಷಣ)



ಮಾಜಿ ಸೈನಿಕ ಮೈಕಿನ ಮುಂದೆ ನಿಂತ ಎಂದರೆ ಯುದ್ಧದ ಕತೆ ಶುರುವಾಯಿತು ಎಂದುಕೊಳ್ಳುತ್ತೀರಿ. ಇವತ್ತು ಆ ಕತೆ ಇಲ್ಲ. ನಾನು ಸೈನ್ಯದಲ್ಲಿ ಗುಮಾಸ್ತನಾಗಿದ್ದವನು. ಬಂದೂಕಿಗಿಂತ ಟೈಪ್‌ರೈಟರನ್ನೇ ಹೆಚ್ಚು ಹಿಡಿದವನು. ನನಗೆ ಗೊತ್ತಿರುವುದು ಕಾಗದದ ಕತೆ, ಅದನ್ನೇ ಹೇಳುತ್ತೇನೆ. ಯುದ್ಧದಲ್ಲಿ ಇದ್ದವನು, ಗಾಯಗೊಂಡವನು, ಹಿಮದಲ್ಲಿ ಬೆರಳು ಕಳೆದುಕೊಂಡವನು ಊರಿಗೆ ಬಂದು ತನ್ನ ಡಿಸ್ಚಾರ್ಜ್ ಪುಸ್ತಕ ತೆರೆದು ನೋಡಿದರೆ ಪದಕಗಳ ಜಾಗ ಖಾಲಿ! ಅವನು ಅಲ್ಲಿ ಇರಲೇ ಇಲ್ಲವೆಂದು ಕಾಗದ ಹೇಳುತ್ತದೆ. ಸರ್ಕಾರ ನಂಬುವುದು ಮೈಮೇಲಿನ ಗಾಯದ ಗುರುತನ್ನಲ್ಲ ಸ್ವಾಮಿ, ಕಾಗದವನ್ನು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಪದಕಗಳಲ್ಲಿ ಎರಡು ಬಗೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಸೇನಾ ಪದಕ ಮುಂತಾದವು ಶೌರ್ಯಕ್ಕೆ ಕೊಡುವಂಥವು. ಕಮಾಂಡರ್ ಶಿಫಾರಸು ಮಾಡಬೇಕು, ರಾಷ್ಟ್ರಪತಿಗಳು ಒಪ್ಪಬೇಕು, ಭಾರತದ ಗೆಜೆಟ್ಟಿನಲ್ಲಿ ಹೆಸರು ಬರಬೇಕು. ಇನ್ನೊಂದು ಬಗೆಯವು ಸೇವಾ ಪದಕಗಳು. 1965ರ ಸಮರ ಸೇವಾ ಸ್ಟಾರ್, ರಕ್ಷಾ ಪದಕ, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ, ಕಾರ್ಗಿಲ್‌ನ ಆಪರೇಷನ್ ವಿಜಯ್ ಪದಕ, ಸಿಯಾಚಿನ್ ಪದಕ. ನಿಗದಿಯಾದ ಜಾಗದಲ್ಲಿ ನಿಗದಿಯಾದ ಕಾಲ ಸೇವೆ ಮಾಡಿದ್ದರೆ ಇವು ಸೈನಿಕನ ಹಕ್ಕು. ಯಾರ ಮೆಚ್ಚುಗೆಯೂ ಬೇಕಿಲ್ಲ. ಶತ್ರುವಿನ ಏಟಿನಿಂದ ಗಾಯಗೊಂಡವರಿಗೆ ಪರಾಕ್ರಮ ಪದಕವಿದೆ. ದಾಖಲೆಯಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಈ ಎರಡನೆಯ ಬಗೆಯವೇ.

ಮೊದಲನೆಯ ಬಗೆಯವೂ ತಪ್ಪಿಹೋಗುತ್ತವೆ. ಅದಕ್ಕೆ ನಮ್ಮ ಕೊಡಗೇ ಸಾಕ್ಷಿ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟವು. ದೇವಯ್ಯ ಅಂದು ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಇರಲಿ ಎಂದು ಕಾದಿರಿಸಿದ್ದ ಪೈಲಟ್. ಒಂದು ವಿಮಾನ ಹಿಂದೆ ಸರಿಯಿತು, ಇವರು ಹಾರಿದರು. ವಾಪಸು ಬರಲಿಲ್ಲ. ಕಾಣೆಯಾದವರು ಎಂದು ಬರೆದರು, ಆಮೇಲೆ ಮೃತರು ಎಂದು ಬರೆದರು. ಅಲ್ಲಿಗೆ ಕಡತ ಮುಗಿಯಿತು.

ನಡೆದದ್ದೇನು? ಆಕಾಶದಲ್ಲಿ ಅವರನ್ನು ಅಟ್ಟಿಸಿಕೊಂಡು ಬಂದದ್ದು ಅಮೆರಿಕದಿಂದ ಪಾಕಿಸ್ತಾನ ತರಿಸಿಕೊಂಡಿದ್ದ ಸ್ಟಾರ್‌ಫೈಟರ್. ಶಬ್ದಕ್ಕಿಂತ ಎಷ್ಟೋ ವೇಗದ ವಿಮಾನ. ದೇವಯ್ಯನವರ ಹಳೆಯ ಮಿಸ್ಟೇರ್ ಅದಕ್ಕೆ ಸಮನೇ ಅಲ್ಲ. ಆದರೂ ಮನುಷ್ಯ ತಿರುಗಿ ನಿಂತು ಹೋರಾಡಿ ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಧುಮುಕುಕೊಡೆಯಲ್ಲಿ ಇಳಿದು ಬದುಕಿದ. ದೇವಯ್ಯ ಉಳಿಯಲಿಲ್ಲ. ಈ ಸಂಗತಿ ನಮ್ಮ ಕಡತದಲ್ಲಿ ಇರಲಿಲ್ಲ! ಹೊರಬಿದ್ದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕದಿಂದ. ಶತ್ರು ದೇಶದ ಕಾಗದ ನಮ್ಮ ವೀರನ ಪರವಾಗಿ ಸಾಕ್ಷಿ ಹೇಳಬೇಕಾಯಿತು. ಆಮೇಲಾದರೂ ತಾನಾಗಿ ಪ್ರಶಸ್ತಿ ಬಂತೇ? ಇಲ್ಲ. 1965ರಲ್ಲಿ ಆ ಸ್ಕ್ವಾಡ್ರನ್ನಿನ ಕಮಾಂಡಿಂಗ್ ಆಫೀಸರ್ ಆಗಿದ್ದ ಒ.ಪಿ. ತನೇಜಾ ಅವರು ನಿವೃತ್ತಿಯಾದ ಮೇಲೂ ಬಿಡದೆ ಕೇಂದ್ರ ಸರ್ಕಾರಕ್ಕೆ ಬರೆದರು. 1988ರಲ್ಲಿ, ಸತ್ತು 23 ವರ್ಷಗಳ ನಂತರ, ದೇವಯ್ಯನವರಿಗೆ ಮಹಾವೀರ ಚಕ್ರ ಸಂದಿತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಈಗ 2025ರಲ್ಲಿ ಅವರ ಕತೆಯ ಎಳೆ ಹಿಡಿದು ಹಿಂದಿಯಲ್ಲಿ ಸಿನಿಮಾ ಕೂಡ ಬಂತು. ಕನ್ನಡದಲ್ಲಿ ನಾವು ಏನು ಮಾಡಿದೆವು ಎಂದು ನಾನು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಿ.

ಮಿತ್ರರೇ, ದೇವಯ್ಯ ಅಧಿಕಾರಿ. ಅವರ ಪರವಾಗಿ ಬರೆಯಲು ಇನ್ನೊಬ್ಬ ಅಧಿಕಾರಿ ಇದ್ದರು. ಹಾವೇರಿ ಕಡೆಯ ಹಳ್ಳಿಯಿಂದ ಹೋದ ಸಿಪಾಯಿಗೆ ಯಾರಿದ್ದಾರೆ?

ಹಾಗೆ ಹೋದ ಒಬ್ಬ ಅಜ್ಜನನ್ನು ನಾನು ಬಲ್ಲೆ. ಹೆಸರು ಬೇಡ, ಅವರ ದಾಖಲೆ ಯಾವ ಕಚೇರಿಯಲ್ಲಿದೆ ಎಂಬುದೂ ಬೇಡ. 1963ರಲ್ಲಿ ಸೇರಿ 15 ವರ್ಷ ಸೇವೆ ಮುಗಿಸಿ ಪಿಂಚಣಿ ಹಿಡಿದು ಬಂದವರು. 1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿದ್ದಾಗ ಶೆಲ್ಲಿನ ಚೂರು ಬಲ ಭುಜಕ್ಕೆ ಹೊಕ್ಕಿತು. ಇವತ್ತಿಗೂ ಆ ಕೈ ತಲೆಯಿಂದ ಮೇಲೆ ಏಳುವುದಿಲ್ಲ. ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ಪಶ್ಚಿಮಿ ಸ್ಟಾರ್ ಇಲ್ಲ, ಪರಾಕ್ರಮ ಪದಕ ಇಲ್ಲ, ಗಾಯದ ಮಾತೇ ಇಲ್ಲ. ಹೇಗೆ ತಪ್ಪಿತು? ನಾನು ಗುಮಾಸ್ತ, ನನಗೆ ಇದು ಚೆನ್ನಾಗಿ ಗೊತ್ತು. ಸೈನಿಕನ ಬಾಳಿನ ಪ್ರತಿಯೊಂದು ಸಂಗತಿಯೂ ಯುನಿಟ್ಟಿನ ಪಾರ್ಟ್ ಟೂ ಆರ್ಡರಿನಲ್ಲಿ ಅಚ್ಚಾಗಬೇಕು. ಮದುವೆ, ಮಗು, ಬಡ್ತಿ, ಪದಕ, ಎಲ್ಲವೂ. ಅಲ್ಲಿಂದ ಅದು ರೆಕಾರ್ಡ್ ಆಫೀಸಿನ ಶೀಟ್ ರೋಲಿಗೆ ಹೋಗುತ್ತದೆ, ಶೀಟ್ ರೋಲಿನಿಂದ ಡಿಸ್ಚಾರ್ಜ್ ಪುಸ್ತಕಕ್ಕೆ. ಗಾಯಗೊಂಡವನನ್ನು ಆಸ್ಪತ್ರೆಗೆ ಸಾಗಿಸಿದ ಕೂಡಲೇ ಯುನಿಟ್ಟಿನ ಲೆಕ್ಕದಿಂದ ಅವನ ಹೆಸರು ತೆಗೆಯುತ್ತಾರೆ. ಪದಕದ ಪಟ್ಟಿ ತಯಾರಾಗುವಾಗ ಅವನು ಅಲ್ಲಿಲ್ಲ. ಗುಣವಾದ ಮೇಲೆ ಬೇರೆ ಯುನಿಟ್ಟಿಗೆ ಹೋದರೆ ಅಲ್ಲಿಯ ಪಟ್ಟಿಯಲ್ಲೂ ಅವನಿಲ್ಲ. ಎಲ್ಲರಿಗಿಂತ ಹೆಚ್ಚು ನೋವು ತಿಂದವನೇ ಪಟ್ಟಿಯಿಂದ ಹೊರಗೆ! ಎಂಥ ವಿಪರ್ಯಾಸ ನೋಡಿ.

"ಹೋಗ್ಲಿ ಬಿಡೋ ತಮ್ಮಾ, ತಗಡು ತಗೊಂಡು ಏನ್ ಮಾಡೋದೈತಿ" ಎಂದರು ಅಜ್ಜ. ತಗಡಲ್ಲ ಅದು. ಶತ್ರುವಿನಿಂದಾದ ಗಾಯ ಎಂಬ ಒಂದು ನಮೂದು ಯುದ್ಧಗಾಯದ ಪಿಂಚಣಿ ಕೇಳುವಾಗ ಬೇಕಾಗುವ ಸಾಕ್ಷಿ. ಶೌರ್ಯ ಪ್ರಶಸ್ತಿ ಇದ್ದರೆ ತಿಂಗಳ ಭತ್ಯೆಯಿದೆ. 2017ರಲ್ಲಿ ಕೇಂದ್ರ ಸರ್ಕಾರ ಆ ಭತ್ಯೆಯನ್ನು ಎರಡು ಪಟ್ಟು ಮಾಡಿತು. ಕಾಲೇಜು ಪ್ರವೇಶದ ಆದ್ಯತಾ ಪಟ್ಟಿಯಲ್ಲಿ ಮಕ್ಕಳಿಗೆ ಸ್ಥಾನವಿದೆ. ಇದೆಲ್ಲ ಹೋಗಲಿ ಎಂದರೂ, ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು ಕೊರೆದಿರುತ್ತದೆ. ಆ ಭುಜಕ್ಕೆ ಏನಾಯಿತು ಎಂದು ನಾಳೆ ಮೊಮ್ಮಗ ಕೇಳಿದರೆ ತೋರಿಸಲು ಅದೊಂದು ಬೇಕಲ್ಲ.

ಇನ್ನು ನಮ್ಮ ವಿಷಯಕ್ಕೆ ಬರೋಣ, ಭಾಷೆಯ ವಿಷಯಕ್ಕೆ.

ಕನ್ನಡಿಗನ ದಾಖಲೆಯಲ್ಲಿ ಮೊದಲು ಕೆಡುವುದು ಅವನ ಹೆಸರು. ನಮಗೆ ಬಹುಮಂದಿಗೆ ಮನೆತನದ ಹೆಸರು ಎಂಬುದಿಲ್ಲ. ಊರು, ಅಪ್ಪನ ಹೆಸರು ಮುಂದೆ ಅಕ್ಷರಗಳಾಗಿ ನಿಲ್ಲುತ್ತವೆ. ಭರ್ತಿಯ ಗುಮಾಸ್ತ ಅದನ್ನು ತನಗೆ ತೋಚಿದಂತೆ ಒಡೆದು ಬರೆಯುತ್ತಾನೆ. ಒಮ್ಮೆ ಊರೇ ಹೆಸರಾಗುತ್ತದೆ, ಒಮ್ಮೆ ಅಪ್ಪನೇ ಮಗನಾಗುತ್ತಾನೆ! ಕನ್ನಡದ 'ತ'ಕಾರಕ್ಕೆ ನಾವು ಇಂಗ್ಲಿಷಿನಲ್ಲಿ ಟಿ-ಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ ಹಾಕುತ್ತಾರೆ. 'ಳ' ಮತ್ತು 'ಲ' ಒಂದೇ ಅಕ್ಷರ, 'ಡ' ಮತ್ತು 'ದ' ಒಂದೇ ಅಕ್ಷರ. ಯುನಿಟ್ಟಿನ ಪಟ್ಟಿಯಲ್ಲಿ ಒಂದು ಬಗೆ, ಆಸ್ಪತ್ರೆಯ ಕಾಗದದಲ್ಲಿ ಇನ್ನೊಂದು ಬಗೆ, ಆಧಾರ್ ಕಾರ್ಡಿನಲ್ಲಿ ಮೂರನೆಯ ಬಗೆ. ಊರಿನದೂ ಅದೇ ಪಾಡು. 1963ರಲ್ಲಿ ಸೇರಿದ ಅಜ್ಜನ ದಾಖಲೆಯಲ್ಲಿ ಧಾರವಾಡ ಜಿಲ್ಲೆ, ಮೈಸೂರು ರಾಜ್ಯ ಎಂದಿದೆ. ನಮ್ಮ ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ದೂರದ ಮೇಜಿನ ಮೇಲೆ ಕುಳಿತವನಿಗೆ ಇಬ್ಬರೂ ಒಬ್ಬನೇ ಎಂದು ಹೇಗೆ ಹೊಳೆಯಬೇಕು? ಅದಕ್ಕೇ ಅರ್ಜಿಯಲ್ಲಿ ಹೆಸರಿಗಿಂತ ಮೊದಲು ಸೈನಿಕ ನಂಬರು ಬರೆಯಿರಿ. ಹೆಸರು ಡಿಸ್ಚಾರ್ಜ್ ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ, ತಪ್ಪಿದ್ದರೆ ತಪ್ಪಿನ ಸಮೇತ ಬರೆದು, ಪಕ್ಕದಲ್ಲಿ ಸರಿಯಾದ ಹೆಸರು ಬರೆಯಿರಿ.

ಅಜ್ಜ ಇಷ್ಟು ವರ್ಷ ಏಕೆ ಬರೆಯಲಿಲ್ಲ ಗೊತ್ತೇ? "ನಂಗ ಇಂಗ್ಲಿಷ್ ಬರೂದಿಲ್ಲ, ಹಿಂದ್ಯಾಗ ಬರಿಯಾಕ ಬರೂದಿಲ್ಲ." ಸೈನ್ಯದಲ್ಲಿ ಕಲಿತ ಹಿಂದಿ ಮಾತಿಗೆ ಒದಗುತ್ತದೆ, ಕಚೇರಿಯ ಹಿಂದಿಗೆ ಒದಗುವುದಿಲ್ಲ. ಭಾಷೆಯ ಅಂಜಿಕೆಯಿಂದ ಒಬ್ಬ ಸೈನಿಕ ಅರ್ಧ ಶತಮಾನ ಸುಮ್ಮನೆ ಕೂತ!

ಕೇಳಿ ಮಿತ್ರರೇ. ಸಂವಿಧಾನದ 350ನೇ ವಿಧಿ ಏನು ಹೇಳುತ್ತದೆ? ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ವ್ಯಕ್ತಿಯೇ ಆಗಲಿ, ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೇಂದ್ರಕ್ಕಾದರೆ ದೇಶದಲ್ಲಿ ಬಳಕೆಯಲ್ಲಿರುವ ಭಾಷೆ ಎಂದರ್ಥ. ಕನ್ನಡ ಅದರಲ್ಲಿ ಇದೆಯೇ ಇಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮೂ ಅಷ್ಟೆ: ಇಂಗ್ಲಿಷ್, ಹಿಂದಿ, ಇಲ್ಲವೇ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಜವಾಬು ಕೂಡ ಕನ್ನಡದಲ್ಲೇ ಬರಬೇಕೆಂದು 350ನೇ ವಿಧಿ ಹೇಳುವುದಿಲ್ಲ, ಅದು ಬೇರೆಯೇ ಹೋರಾಟ. ಆದರೆ ಕೇಳುವ ಹಕ್ಕು ಕನ್ನಡದಲ್ಲಿದೆ. ಕೆಲಸ ಬೇಗ ಸಾಗಲೆಂದು ಕನ್ನಡ ಅರ್ಜಿಯ ಕೆಳಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಇದು ಶರಣಾಗತಿಯಲ್ಲ, ಅಜ್ಜನ ವಯಸ್ಸಿಗೆ ಕೊಡುವ ಮರ್ಯಾದೆ. ಸಹಿ ಮಾತ್ರ ಅಜ್ಜನದು, ಕನ್ನಡದ್ದು.

ತಡ ಮಾಡಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಪಿಂಚಣಿಯಿಲ್ಲದೆ ಸೈನ್ಯ ಬಿಟ್ಟವರ ಸೇವಾ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುವುದು ನಮ್ಮ ಸೈನ್ಯದ ನಿಯಮ. ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ಪಟ್ಟಿಯ ಒಂದೆರಡು ಸಾಲು. ಅಮೆರಿಕದಲ್ಲಿ ಈ ಕೆಲಸವನ್ನು ಬೆಂಕಿ ಮಾಡಿತು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರ ಹೊತ್ತಿಕೊಂಡು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಸೈನಿಕರ ಕಡತಗಳು ಹಾಳಾದವು. ಪ್ರತಿಯೂ ಇರಲಿಲ್ಲ, ಸೂಚಿಯೂ ಇರಲಿಲ್ಲ. ಅಂದಿನಿಂದ ಅಲ್ಲಿಯ ಗುಮಾಸ್ತರು ಸಂಬಳದ ಚೀಟಿ, ಯುನಿಟ್ಟಿನ ದಿನದ ವರದಿ, ಆಸ್ಪತ್ರೆಯ ಪಟ್ಟಿ ಹುಡುಕಿ ಸುಟ್ಟ ದಾಖಲೆಗಳನ್ನು ಮತ್ತೆ ಕಟ್ಟುತ್ತಿದ್ದಾರೆ. ವೇವರ್ಲಿ ವುಡ್ಸನ್ ಎಂಬ ಕರಿಯ ಸೈನಿಕ 1944ರ ಜೂನ್ 6ರಂದು ಫ್ರಾನ್ಸಿನ ಕಡಲತೀರದಲ್ಲಿ ತಾನೇ ಗಾಯಗೊಂಡಿದ್ದರೂ 30 ಗಂಟೆ ನೂರಾರು ಮಂದಿಗೆ ಶುಶ್ರೂಷೆ ಮಾಡಿದವನು. ಅವನ ಕಡತವೂ ಆ ಬೆಂಕಿಗೆ ಹೋಗಿತ್ತು. 2005ರಲ್ಲಿ ತೀರಿಕೊಂಡ. ಹೆಂಡತಿ ಜೋಆನ್ ಬಿಡಲಿಲ್ಲ. ಹಳೆಯ ಸರ್ಕಾರಿ ಪತ್ರವೊಂದನ್ನು ಪತ್ರಕರ್ತೆಯೊಬ್ಬರು ಹುಡುಕಿ ತೆಗೆದರು. 2024ರಲ್ಲಿ, 80 ವರ್ಷಗಳ ನಂತರ, ಅಲ್ಲಿಯ ಸೈನ್ಯದ ಎರಡನೆಯ ಅತಿ ದೊಡ್ಡ ಶೌರ್ಯ ಪ್ರಶಸ್ತಿ ಅವನ ಹೆಸರಿಗೆ ಬಂತು. ಕರಿಯನಾಗಿದ್ದಕ್ಕೇ ಅದು ಅಂದು ತಪ್ಪಿದ್ದು ಎಂಬ ಮಾತು ಅಲ್ಲಿ ಬಲವಾಗಿದೆ. ನಂಬುವಂಥದ್ದೇ: ಎರಡನೇ ಮಹಾಯುದ್ಧದ ಒಬ್ಬ ಕರಿಯ ಸೈನಿಕನಿಗೂ ಅವರು 1997ರವರೆಗೆ ಅತಿ ದೊಡ್ಡ ಪದಕ ಕೊಟ್ಟಿರಲಿಲ್ಲ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಊರಿನಲ್ಲೋ ಹಳೆಯ ಸೈನಿಕರಿದ್ದರೆ ಹೋಗಿ ಕೂತು ಕೇಳಿ. ಡಿಸ್ಚಾರ್ಜ್ ಪುಸ್ತಕದ ಪ್ರತಿ ಪುಟದ ಫೋಟೋ ತೆಗೆಯಿರಿ. ಟ್ರಂಕಿನ ತಳದಲ್ಲಿ 56 ಎಪಿಒ, 99 ಎಪಿಒ ಮುದ್ರೆಯ ಹಳೆಯ ಕಾಗದಗಳಿರುತ್ತವೆ, ಎಸೆಯಲು ಬಿಡಬೇಡಿ. ಯಾವ ತಾರೀಖಿನಂದು ಯಾವ ಯುನಿಟ್ಟಿನಲ್ಲಿದ್ದರು ಎಂಬುದಕ್ಕೆ ಅವು ಆಧಾರ. ಆಸ್ಪತ್ರೆಯ ಚೀಟಿ ಸಿಕ್ಕರೆ ಬಂಗಾರ. ಜೊತೆಗಿದ್ದವರು ಬದುಕಿದ್ದರೆ ಅವರಿಂದ ಅಫಿಡವಿಟ್ ಮಾಡಿಸಿ. ಅರ್ಜಿ ಹೋಗಬೇಕಾದದ್ದು ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಪದಾತಿದಳದ್ದು ನಮ್ಮ ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿದಳದ್ದು ನಾಸಿಕ್‌ನಲ್ಲಿ, ವಾಯುಪಡೆಯದು ದೆಹಲಿಯಲ್ಲಿ. ಒಂದು ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೂ ಕೊಡಿ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಅಜ್ಜ ಉತ್ಸಾಹದಲ್ಲಿ ಎರಡು ಟ್ಯಾಂಕು ಒಡೆದೆ ಎಂದರೆ ನಗುತ್ತಾ ಕೇಳಿ, ಅರ್ಜಿಯಲ್ಲಿ ಬರೆಯಬೇಡಿ.

ಹಾವೇರಿಯ ಅಜ್ಜನಿಗೆ ಹನ್ನೊಂದು ತಿಂಗಳ ಮೇಲೆ ಜವಾಬು ಬಂತು. ಪಶ್ಚಿಮಿ ಸ್ಟಾರ್ ನಮೂದಾಗಿದೆ. ಪರಾಕ್ರಮ ಪದಕಕ್ಕೆ ಆಸ್ಪತ್ರೆಯ ದಾಖಲೆ ಕೇಳಿದ್ದಾರೆ. ಅವರ ಹತ್ತಿರ ಅದಿಲ್ಲ. ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ಕನ್ನಡದ ಅರ್ಜಿ ಹೋದ ತಿಂಗಳು ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ, ರಶೀದಿ ನನ್ನ ಜೇಬಿನಲ್ಲಿದೆ. ಬರೆದವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವರ ಮೊಮ್ಮಗಳು. ಈ ಸಭೆಯಲ್ಲೇ ಕೂತಿದ್ದಾಳೆ. ಅರ್ಜಿಯ ನಮೂನೆ ಬೇಕಾದವರು ಅವಳನ್ನು ಕೇಳಿ.